ನೀಲವ್ವನ ಬಾಂದುಕಲ್ಲು

ಕರಿಗುಡ್ಡ ಬೆಂಕಿ ಕಾರುತ್ತಿದ್ದ ಕಾಲದಲ್ಲಿ ಅದರ ಬಾಯಿಗೆ ಒಂದು ಕೊಡ ಮಜ್ಜಿಗೆ ಸುರಿದು ಆರಿಸಿದವನು ನಮ್ಮ ಮುತ್ತಜ್ಜ. ಕಂಡವರು ಯಾರೂ ಈಗ ಉಳಿದಿಲ್ಲ. ಆದ್ದರಿಂದ ನಂಬಿಕೊಂಡು ಕೇಳಿರಿ.

ಆ ಗುಡ್ಡದ ಬುಡದಲ್ಲಿ ಒಂದು ರಾಜ್ಯವಿತ್ತು. ಗುಡ್ಡ ಕಾರಿದ ಕಲ್ಲೇ ಕರಗಿ ಮಣ್ಣಾಗಿತ್ತು. ಮೇಲೆ ಕಾಡು, ಕೆಳಗೆ ಹೊಲ. ಎರಡೂ ಒಂದೇ ಬೆಂಕಿಯ ಮಕ್ಕಳು, ಗುಣ ಮಾತ್ರ ಬೇರೆ. ಕಾಡಿನ ಮಣ್ಣು ಎಲೆ ಹೊದ್ದು ತಣ್ಣಗೆ ಮಲಗಿರುತ್ತಿತ್ತು. ಹೊಲದ ಎರೆಮಣ್ಣು ಬೇಸಿಗೆಗೆ ಬಾಯಿ ಬಿಡುತ್ತಿತ್ತು, ಮಳೆಗೆ ಉಬ್ಬುತ್ತಿತ್ತು.

ರಾಜನ ಕಾಡು ಕಾಯುವ ಬೈಲಪ್ಪ ಹುಟ್ಟಿ ಬೆಳೆದದ್ದೆಲ್ಲ ಕಾಡಿನಲ್ಲೇ. ಕಾಡಂಚಿನಲ್ಲಿ ಗಂಡ ಸತ್ತ ನೀಲವ್ವನ ಒಂದು ತುಂಡು ಹೊಲ; ಅದರ ಮೇಲೆ ಇವನ ಕಣ್ಣು. ಗಡಿಗೆ ಒಂದು ಬಾಂದುಕಲ್ಲು, ಅದರ ಮೇಲೆ ಆಕೆಯ ಗಂಡ ಕೊರೆದ ನೇಗಿಲಿನ ಗುರುತು. ಒಂದು ಸುಡುಬೇಸಿಗೆಯಲ್ಲಿ ಬೈಲಪ್ಪ ಆ ಕಲ್ಲು ಕಿತ್ತು ಹೊಲದ ನಡುವಿನ ದೊಡ್ಡ ಬಿರುಕಿಗೆ ಇಳಿಬಿಟ್ಟ. ಕಾಡಿನಲ್ಲಿ ಹೂತದ್ದು ಹೂತೇ ಹೋಗುತ್ತದೆ. ಇಲ್ಲೂ ಹಾಗೇ ಅಂದುಕೊಂಡ.

"ಅಲ್ಲಿ ಕಲ್ಲೇ ಇರಲಿಲ್ರಿ ದೊರೆ. ಅದು ಕಾಡಿನ ನೆಲ," ಎಂದು ರಾಜನ ಮುಂದೆ ಹೇಳಿದ.

ನೀಲವ್ವ ಅಳಲಿಲ್ಲ. "ಮೂರು ಮಳಿಗಾಲ ಕೊಡ್ರಿ ದೊರೆ. ಕಲ್ಲು ತಾನಾಗೇ ಬರತೈತಿ. ಬರಲಿಲ್ಲಂದ್ರ ಊರು ಬಿಡತೀನಿ. ಅಲ್ಲಿತನಕ ಹೊಲದಾಗ ಯಾರೂ ಕಾಲಿಡಬಾರದು. ಕಾವಲಿಗೆ ಬೈಲಪ್ಪಣ್ಣನ್ನೇ ಇಡ್ರಿ."

ರಾಜ ಒಪ್ಪಿದ. ಬೈಲಪ್ಪ ನಕ್ಕ. "ಕಲ್ಲಿಗೆ ಕಾಲು ಅದಾವೇನಬೇ ನೀಲವ್ವ?"

"ನಿನಗ ಅದಾವಲ್ಲಪ್ಪ. ಅವನ್ನ ಹೊಲದ ಹೊರಗ ಇಟ್ಕೋ."

ಮೊದಲ ಮಳೆಗಾಲ ಕಳೆಯಿತು. ರಾಜ ಬಂದು ನೋಡಿದ, ಬರೀ ನೆಲ. "ಯಾರರ ಒಳಗ ಹೋಗಿದ್ರೇನು?"

"ಇರುವೀನೂ ಹೋಗಿಲ್ರಿ."

ಎರಡನೆಯ ಮಳೆಗಾಲ ಕಳೆಯಿತು. ಮುಷ್ಟಿಗಾತ್ರದ ಕಲ್ಲುಗಳು ಎಲ್ಲಿಂದಲೋ ಮೇಲೆದ್ದಿದ್ದವು. "ಯಾರರ ಒಳಗ ಹೋಗಿದ್ರೇನು?"

"ನರಪಿಳ್ಳೆನೂ ಹೋಗಿಲ್ರಿ," ಅಂದ ಬೈಲಪ್ಪ. ಆ ಮಣ್ಣು ಒಣಗಿ ಬಿರಿದು, ನೆನೆದು ಉಬ್ಬಿ, ಹೊಟ್ಟೆಯೊಳಗಿನ ಕಲ್ಲನ್ನೆಲ್ಲ ಮೆಲ್ಲಗೆ ಮೇಲಕ್ಕೆ ನೂಕುತ್ತಿತ್ತು.

ಮೂರನೆಯ ಮಳೆಗಾಲದ ಕಡೆಯ ಮಳೆ ಹೊಯ್ದು ನಿಂತಿತು. ಅವತ್ತು ಮುಂಜಾನೆ ರಾಜ ಬರುವವನಿದ್ದ. ಹೊಲದ ನಡುವೆ ಬಾಂದುಕಲ್ಲಿನ ನೆತ್ತಿ ಕಾಣುತ್ತಿತ್ತು, ನೆತ್ತಿಯ ಮೇಲೆ ನೇಗಿಲು. ರಾಜ ಬರುವ ಮೊದಲೇ ಅದನ್ನು ಕಿತ್ತು ಒಯ್ಯಲು ಬೈಲಪ್ಪ ಹೊರಟ. ಕಾಡಿನಲ್ಲಿ ಎಂಥ ಮಳೆಯಲ್ಲೂ ಓಡಾಡಿದ ಕಾಲು. ಹಿಂದೆಮುಂದೆ ನೋಡದೆ ಒಳಗೆ ನುಗ್ಗಿದ. ಹಸಿ ಎರೆಮಣ್ಣಿಗೆ ಆ ಊರಿನ ಕೂಸೂ ಇಳಿಯುವುದಿಲ್ಲ. ಮೊದಲು ಹಿಮ್ಮಡಿ ಹೋಯಿತು, ಆಮೇಲೆ ಮೀನಖಂಡ, ಕಲ್ಲು ಮುಟ್ಟುವಷ್ಟರಲ್ಲಿ ಮೊಣಕಾಲು. ಎತ್ತಿದಷ್ಟೂ ಮಣ್ಣು ಹಿಡಿದೆಳೆಯಿತು. ಬಗ್ಗಿ ಕಲ್ಲನ್ನು ತಬ್ಬಿಕೊಂಡು ಉಳಿದುಬಿಟ್ಟ.

ರಾಜ ಬಂದು ಬದುವಿನ ಮೇಲೆ ನಿಂತ. ಕೇಳಿದ: "ಯಾರರ ಒಳಗ ಹೋಗಿದ್ರೇನು ಬೈಲಪ್ಪ?"

ಹಗ್ಗ ಎಸೆದು ಅವನನ್ನು ಎಳೆದವಳು ನೀಲವ್ವನೇ. "ಮಣ್ಣಿನ ಮ್ಯಾಲೆ ಸಿಟ್ಟಾಗಬ್ಯಾಡೋ ತಮ್ಮ," ಅಂದಳು. "ನೀ ಕೊಟ್ಟಿದ್ದನ್ನ ಅದು ತಿರುಗಿ ಕೊಟ್ಟೈತಿ."

ಹೊಲ ಆಕೆಗೇ ಉಳಿಯಿತು. ಅನ್ಯಾಯವನ್ನು ಎಷ್ಟು ಆಳಕ್ಕೆ ಹೂತರೂ ಅದು ಮೇಲೆ ಬರುತ್ತದೆ, ಹೂತವನನ್ನೂ ತೋರಿಸುತ್ತದೆ. ತಿಳಕೊಳ್ಳಿರಿ. ಆ ದಿನ ರಾಜನಿಗೆ ಕೊಡೆ ಹಿಡಿದು ನಿಂತಿದ್ದವನೂ ನಮ್ಮ ಮುತ್ತಜ್ಜನೇ.

"ಯಜ್ಜಾ," ಅಂದಳು ಕೇಳುತ್ತ ಕೂತಿದ್ದ ಯಲ್ಲಕ್ಕ, "ಬೆಂಕಿ ಆರಿಸಿದಾಗ ಅಂವಾ ಇದ್ದ. ಗುಡ್ಡ ಕಾರಿದ ಕಲ್ಲು ಕರಗಿ ಮಣ್ಣಾಗಿ ಕಾಡು ಬೆಳೆಯೋತನಕಾನೂ ಇದ್ದನೇನು?"

ಹೆಗಲ ಮೇಲಿನ ವಲ್ಲಿ ಕೊಡವಿಕೊಂಡೆ. "ನಮ್ಮ ಮನಿತನದ ಮಂದಿ ಗಟ್ಟಿ ಇರ್ತಾರವ್ವ."