ಜಾಲಮರಡಿಯ ಕೆಂಪುಹೊಟ್ಟಿನ ಹೊಂಡ

ಜಾಲಮರಡಿಗೆ ಹೊಸದಾಗಿ ಬಂದವರು ಊರ ಪಡುವಣದ ಹೊಂಡದ ಹೆಸರು ಕೇಳಿದೊಡನೆ ಮೆಟ್ಟಿಲಿಳಿದು ನೀರನ್ನು ಬಗ್ಗಿ ನೋಡುತ್ತಾರೆ. ಕೆಂಪುಹೊಟ್ಟಿನ ಹೊಂಡ ಎಂದ ಮೇಲೆ ನೀರಾದರೂ ಕೆಂಪಗಿರಬೇಕು, ಇಲ್ಲವೆ ಪಕ್ಕದಲ್ಲಿ ಹೊಟ್ಟು ತೂರುವ ಕಣವಾದರೂ ಇರಬೇಕು. ಎರಡೂ ಇಲ್ಲ. ತಳದ ಕಲ್ಲುಗಳನ್ನು ಎಣಿಸಬಹುದಾದಂಥ ತಿಳಿನೀರು ಇದೆ. ಹಿಂದೆ ಮಳಲುಗಲ್ಲಿನ ಉದ್ದನೆಯ ಗುಡ್ಡ ಮಲಗಿದೆ. ಗುಡ್ಡದ ಈಚೆಗಿನ ಇಳಿಜಾರಿನ ಹಳ್ಳ ಬಡಗಣ ಮೂಲೆಯಿಂದ ಬಂದು ಹೊಂಡ ಸೇರುತ್ತದೆ. ಪಡುವಣ ಗೋಡೆಯ ಬಂಡೆಯ ಸೀಳಿನಿಂದ ಒಂದು ಒರತೆ ಬೇಸಿಗೆಯಲ್ಲೂ ಕಿರುಬೆರಳ ಗಾತ್ರ ಸುರಿಯುತ್ತಿರುತ್ತದೆ. ತುಂಬಿ ಮಿಕ್ಕ ನೀರು ತೆಂಕಣ ಕೋಡಿಯಿಂದ ಹೊರಗೆ ಹೋಗುತ್ತದೆ. ನಾನು ಈ ಊರ ಶಾಲೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಮಾಸ್ತರಿಕೆ ಮಾಡಿದವನು. ಭೂಗೋಳದ ಪುಸ್ತಕದಲ್ಲಿ ಜಲಾನಯನ ಪ್ರದೇಶ ಎಂಬ ಪಾಠ ಬಂದಾಗಲೆಲ್ಲ ಪುಸ್ತಕ ಮುಚ್ಚಿಸಿ ಮಕ್ಕಳನ್ನು ಈ ಮೆಟ್ಟಿಲುಗಳಿಗೆ ಕರೆತರುತ್ತಿದ್ದೆ. ತರಗತಿ ಖಾಲಿ ಇದ್ದುದನ್ನು ಕಂಡು ಒಮ್ಮೆ ಇನ್‌ಸ್ಪೆಕ್ಟರ್ ಸಾಹೇಬರು ಸಿಟ್ಟಿನಿಂದ ಇಲ್ಲಿಗೇ ಬಂದರು. ಅವರನ್ನೂ ಮಕ್ಕಳ ಸಾಲಿನಲ್ಲೇ ಕೂರಿಸಿ ಈ ಹೆಸರಿನ ಕಥೆ ಹೇಳಿದೆ. ಸಾಹೇಬರು ಮಧ್ಯಾಹ್ನದ ಬಸ್ಸು ತಪ್ಪಿಸಿಕೊಂಡರು, ಆದರೆ ಬೈಯಲಿಲ್ಲ.

ಹಿಂದೆ ಒಮ್ಮೆ, ಈ ಸೀಮೆ ಯಾವ ಅರಸರ ಕೈಯಲ್ಲಿತ್ತೆಂದು ನಮ್ಮ ಹಿರಿಯರೂ ಖಚಿತವಾಗಿ ಹೇಳಲಾರದಂಥ ಕಾಲದಲ್ಲಿ, ಜಾಲಮರಡಿಯಲ್ಲಿ ಅಡಿವೆಯ್ಯ ಎಂಬ ಐಗಳು ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದರಂತೆ. ಮರಳ ಮೇಲೆ ಬರೆಸುವ ಗಾವಟಿ ಮಠ ಅವರದು. ಇತರ ಐಗಳು ಓಂ ನಮಃದಿಂದ ಶುರುಮಾಡಿ ಮಗ್ಗಿಯಲ್ಲಿ ನಿಲ್ಲಿಸಿದರೆ ಇವರಿಗೆ ನೀರಿನ ಹುಚ್ಚು. ಬರೆಯುವ ಮರಳನ್ನೇ ಗುಡ್ಡದಂತೆ ರಾಶಿ ಮಾಡಿ, ಅದರ ನೆತ್ತಿಯ ಮೇಲೆ ತಂಬಿಗೆಯಿಂದ ನೀರು ಬಿಟ್ಟು, ನೀರು ಎರಡು ಪಾಲಾಗಿ ಇಳಿಯುವುದನ್ನು ಮಕ್ಕಳಿಗೆ ತೋರಿಸುತ್ತಿದ್ದರು. ಗುಡ್ಡದ ಏಣೇ, ಆ ನೆತ್ತಿಯ ಗೆರೆಯೇ, ನೀರಿಗೆ ಗಡಿ, ಈಚೆ ಬಿದ್ದ ಹನಿ ನಮ್ಮದು, ಆಚೆ ಬಿದ್ದ ಹನಿ ಆಚೆಯವರದು ಎಂಬುದು ಅವರ ಅಚ್ಚುಮೆಚ್ಚಿನ ಪಾಠ. ಇದನ್ನು ಅವರು ಎಷ್ಟು ಸಲ ಹೇಳುತ್ತಿದ್ದರೆಂದರೆ ಮಕ್ಕಳು ನಿದ್ದೆಯಲ್ಲೂ ಒಪ್ಪಿಸುತ್ತಿದ್ದರು ಎನ್ನುತ್ತಾರೆ. ಮಾಸ್ತರನಾಗಿದ್ದ ನನಗೆ ಈ ಐಗಳ ಮೇಲೆ ತುಸು ಹೆಚ್ಚೇ ಪ್ರೀತಿ, ಅದನ್ನು ಮುಚ್ಚಿಡುವುದಿಲ್ಲ.

ಒಂದು ವರ್ಷ ಮಾರ್ಗಶಿರದಲ್ಲಿ ಹೊಂಡದ ನೀರು ಕೆಟ್ಟಿತು. ಮೊದಲು ಕೊಳೆತ ವಾಸನೆ, ಆಮೇಲೆ ಮೇಲೆಲ್ಲ ತೆಳುವಾದ ಬಿಳಿ ಕೆನೆ. ಮೀನುಗಳು ಹೊಟ್ಟೆ ಮೇಲಾಗಿ ತೇಲಿದವು. ಮನೆಮನೆಯಲ್ಲೂ ಮಕ್ಕಳಿಗೆ ವಾಂತಿ ಭೇದಿ ಹಿಡಿಯಿತು. ಊರಗೌಡ ಭರಮಗೌಡನ ಐದು ವರ್ಷದ ಮೊಮ್ಮಗಳು ಚೆನ್ನವ್ವ ಹಾಸಿಗೆ ಹಿಡಿದಳು. ಗೌಡ ಕೆಟ್ಟವನಲ್ಲ, ಆದರೆ ಹೆದರಿದ್ದ. ಹೆದರಿದ ಮನುಷ್ಯನಿಗೆ ಬೈಯಲು ಯಾರಾದರೂ ಬೇಕು. ಹೊಂಡದ ಕೋಡಿಯ ಕೆಳಗೆ ನೀಲಗಾರರ ತಿಪ್ಪವ್ವ ಎಂಬ ವಿಧವೆ ನೂಲಿಗೆ ಬಣ್ಣ ಹಾಕಿ ಬದುಕುತ್ತಿದ್ದಳು. ನೆಲದಲ್ಲಿ ಹೂತ ಮೂರು ಕಲ್ಲುಬಾನಿಗಳು ಅವಳ ಆಸ್ತಿ, ಇಬ್ಬರು ಹೆಣ್ಣುಮಕ್ಕಳು ಅವಳ ಸಂಸಾರ. ಬಾನಿಗಳಲ್ಲಿ ನೀಲಿ ಹುಳಿಯುವಾಗ ನಾರುವುದೂ ನಿಜ, ಅಲ್ಲಿನ ಚರಂಡಿ ನೀಲಿಯಾಗಿ ಹರಿಯುವುದೂ ನಿಜ. ಊರಿಗೆ ಅಷ್ಟು ಸಾಕಾಯಿತು. ಚಾವಡಿಯಲ್ಲಿ ಕೂಡಿದ ಹಿರಿಯರು ಎಳ್ಳ ಅಮಾವಾಸ್ಯೆಯ ಹಿಂದಿನ ದಿನ ಬಾನಿ ಒಡೆಸುವುದೆಂದೂ, ತಿಪ್ಪವ್ವ ಮಕ್ಕಳನ್ನು ಕರೆದುಕೊಂಡು ಊರು ಬಿಡಬೇಕೆಂದೂ ತೀರ್ಮಾನಿಸಿದರು. ಹೊಲಕ್ಕೆ ಚರಗವೆಂದು ಅಡುಗೆಯ ಎಡೆ ಚೆಲ್ಲುವ ಹಬ್ಬಕ್ಕೆ ಮೈಲಿಗೆಯ ನೀರು ಇರಬಾರದು ಎಂಬುದು ಅವರ ವಾದ.

ತಿಪ್ಪವ್ವ ಚಾವಡಿಯ ಕಟ್ಟೆಯ ಕೆಳಗೆ ನಿಂತು ಎಲ್ಲವನ್ನೂ ಕೇಳಿದಳು. ಅತ್ತಳೆಂದು ಕೆಲವರು ಹೇಳುತ್ತಾರೆ. ಈ ಕಥೆ ನನಗೆ ಹೇಳಿದ ನಮ್ಮ ಅಜ್ಜಿಯ ಪ್ರಕಾರ ಅಳಲಿಲ್ಲ. "ಗೌಡ್ರ, ನೀಲಿ ಕಣ್ಣಿಗೆ ಕಾಣತೈತಿ, ಅದಕ್ಕ ನನ್ನ ಮ್ಯಾಲ ಬಂದೀರಿ. ಕಣ್ಣಿಗೆ ಕಾಣಲಾರದ ಹೊಲಸು ಎಲ್ಲಿಂದ ಬರಾಕತ್ತೈತಿ ಅಂತ ಯಾರರ ನೋಡೀರೇನು?" ಎಂದಳಂತೆ. ಅಡಿವೆಯ್ಯ ಐಗಳು ಎದ್ದು, ಬಾನಿಗಳು ಕೋಡಿಗಿಂತ ಆಳೆತ್ತರ ಕೆಳಗಿವೆ, ನೀರು ಮೇಲಕ್ಕೆ ಹತ್ತುವುದಿಲ್ಲ ಎಂದು ವಾದಿಸಿದರು. "ಐಗಳ, ನಿಮ್ಮ ಪಾಠ ಮಠದಾಗ ಇರ್ಲಿ. ನೆಲ ಹೀರಿ ಹೊಂಡಕ್ಕ ಬಿಡತೈತಿ. ನನ್ನ ಕೂಸು ಎಂಟು ದಿನದಿಂದ ಕಣ್ಣು ಬಿಟ್ಟಿಲ್ಲ" ಎಂದು ಗೌಡ ಕಡ್ಡಿ ಮುರಿದಂತೆ ಹೇಳಿದ. ಅಮಾವಾಸ್ಯೆಗೆ ಐದು ದಿನ ಉಳಿದಿತ್ತು.

ಐಗಳು ನೆಟ್ಟಗೆ ತಿಪ್ಪವ್ವನ ಮನೆಗೆ ಹೋದರು. ನವಣೆ ಕುಟ್ಟಿದ ಹೊಟ್ಟು ನೀರಲ್ಲಿ ತೇಲುತ್ತದೆ, ಎಲ್ಲಿ ಬಿಟ್ಟರೂ ನೀರಿನ ಹಿಂದೆಯೇ ಹೋಗುತ್ತದೆ. ಅದಕ್ಕೆ ಬೇರೆ ಬೇರೆ ಬಣ್ಣ ಹಾಕಿ ಬೇರೆ ಬೇರೆ ಕಡೆ ಸುರಿದರೆ ಹೊಂಡಕ್ಕೆ ಯಾವ ನೀರು ಬರುತ್ತದೆಂದು ಬಣ್ಣವೇ ಹೇಳುತ್ತದೆ ಎಂಬುದು ಅವರ ಉಪಾಯ. ತಿಪ್ಪವ್ವ, "ಮದಲ ನೀಲಿ ಹೊಟ್ಟು ನನ್ನ ಚರಂಡಿಗೆ ಸುರೀರಿ. ಅದು ಹೊಂಡದಾಗ ತೇಲಿದರ ನಾನ ಬಾನಿ ಒಡದು ಹೋಗತೇನಿ" ಎಂದು ಆ ದಿನವೇ ಬಾನಿಗೆ ಹೊಟ್ಟು ಇಳಿಸಿದಳು. ನೀಲಿ ಒಂದು ಮೂಟೆ, ಅರಿಸಿನದ ಹಳದಿ ಒಂದು ಮೂಟೆ, ಮಂಜಿಷ್ಠದ ಕೆಂಪು ಒಂದು ಮೂಟೆ ಸಿದ್ಧವಾದವು. ಊರು ಬಿಡಬೇಕಾದವಳು ಊರ ನೀರಿನ ಪರೀಕ್ಷೆಗೆ ರೆಟ್ಟೆ ಸೋಲುವವರೆಗೆ ಬಣ್ಣ ಕಲಕಿದಳು.

ನೀಲಿ ಅವಳ ಚರಂಡಿಗೆ ಬಿತ್ತು. ಹಳದಿಯನ್ನು ಮಠದ ಮಕ್ಕಳು ಗುಡ್ಡ ಹತ್ತಿ ಈಚೆಗಿನ ಹಳ್ಳದ ತಲೆಯಲ್ಲಿ ಸುರಿದರು. ಹಾಗಾದರೆ ಕೆಂಪು ಏಕೆ ಎಂದು ಮಕ್ಕಳು ಕೇಳಿದರು. ಐಗಳು ನಕ್ಕು ಅವರನ್ನು ಏಣು ದಾಟಿಸಿ ಆಚೆ ಕರೆದೊಯ್ದರು. ಅಲ್ಲಿ ಇಳಿಯುವ ಹಳ್ಳ ಪಡುವಣಕ್ಕೆ, ಬೇರೆ ಊರುಗಳ ಕಡೆಗೆ, ಹರಿಯುತ್ತದೆ. "ಇಲ್ಲಿ ಸುರೀರಿ. ಕೆಂಪು ನಮ್ಮ ಹೊಂಡಕ್ಕ ಬರೂದಿಲ್ಲ. ಬರೂದಿಲ್ಲ ಅಂತ ನೀವ ಕಣ್ಣಾರೆ ನೋಡಬೇಕು, ಅಂದ್ರ ಪಾಠ ತಲ್ಯಾಗ ಕೂಡತೈತಿ" ಎಂದರು. ಅಂದರೆ ಕೆಂಪು ಹೊಟ್ಟನ್ನು ಸುರಿದದ್ದು ಹುಡುಕುವುದಕ್ಕಲ್ಲ, ಹಳೆಯ ಪಾಠವನ್ನು ಇನ್ನೊಮ್ಮೆ ಒಪ್ಪಿಸುವುದಕ್ಕೆ. ನಾವು ಮಾಸ್ತರರು ಹೀಗೆಯೇ. ಗೊತ್ತಿದ್ದುದನ್ನು ತೋರಿಸಲು ಎಷ್ಟು ದೂರ ಬೇಕಾದರೂ ನಡೆಯುತ್ತೇವೆ.

ಮರುದಿನ ಬೆಳಿಗ್ಗೆ ಹೊಂಡದ ಬಡಗಣ ಮೂಲೆಯಲ್ಲಿ ಹಳದಿ ತೇಲಿತು. ಐಗಳು ಮಕ್ಕಳೊಂದಿಗೆ ಆ ಹಳ್ಳದ ಗುಂಟ ಮೇಲಿನವರೆಗೆ ನಡೆದು ಕಲ್ಲು ಕಲ್ಲು ತಿರುವಿ ನೋಡಿದರು. ನೀರು ತಿಳಿಯಾಗಿತ್ತು, ಸಣ್ಣ ಏಡಿಗಳು ಓಡಾಡುತ್ತಿದ್ದವು, ಹೊಲಸಿನ ಸುಳಿವಿಲ್ಲ. ಎರಡನೆಯ ದಿನ ಕಳೆಯಿತು, ಮೂರನೆಯ ದಿನವೂ ಕಳೆಯಿತು. ನೀಲಿ ಬರಲೇ ಇಲ್ಲ. ತಿಪ್ಪವ್ವ ಗೆದ್ದಳೆಂದು ಐಗಳು ಚಾವಡಿಗೆ ಓಡಿದರೆ ಗೌಡ ಒಪ್ಪಲಿಲ್ಲ. ಹಳ್ಳ ಶುದ್ಧವಾಗಿದೆ, ಒರತೆಯಂತೂ ಗುಡ್ಡದ ಹೊಟ್ಟೆಯಿಂದ ಬರುವ ಸಾಕ್ಷಾತ್ ಗಂಗೆ. ಇವೆರಡನ್ನು ಬಿಟ್ಟರೆ ಇನ್ನಾವುದಿದೆ? ಹೊಟ್ಟು ಮಣ್ಣಿನಲ್ಲಿ ಸಿಕ್ಕಿಕೊಂಡೀತು, ಬಣ್ಣದ ನೀರು ಸಿಕ್ಕಿಕೊಳ್ಳುತ್ತದೆಯೆ? ಇದು ಗೌಡನ ವಾದ. ಒರತೆಯನ್ನು ಸಂಶಯಿಸುವುದು ಐಗಳಿಗೂ ಹೊಳೆದಿರಲಿಲ್ಲ.

ಅಮಾವಾಸ್ಯೆಯ ಹಿಂದಿನ ದಿನ ಹೊತ್ತು ನೆತ್ತಿಗೆ ಬರುವಾಗ ಊರು ಕೋಡಿಯ ಕೆಳಗೆ ನೆರೆಯಿತು. ತಿಪ್ಪವ್ವ ಮಕ್ಕಳಿಬ್ಬರ ಕೈ ಹಿಡಿದು, ಗಂಟುಮೂಟೆಯ ಪಕ್ಕ ನಿಂತಿದ್ದಳು. ಸುತ್ತಿಗೆ ಹಿಡಿಯಲು ಯಾರೂ ಮುಂದೆ ಬರಲಿಲ್ಲ. ಊರಿನ ಪ್ರತಿ ಹೆಂಗಸಿನ ಸೀರೆಯೂ ಆ ಬಾನಿಗಳಲ್ಲಿ ಮಿಂದು ಬಂದದ್ದು. ಕೊನೆಗೆ ಗೌಡನೇ ಸುತ್ತಿಗೆ ಎತ್ತಿದ. ಮೊದಲ ಪೆಟ್ಟಿಗೆ ನಡುವಿನ ಬಾನಿಯ ಅಂಚಿನಿಂದ ಅಂಗೈ ಅಗಲದ ಚಕ್ಕೆ ಹಾರಿತು. ಎರಡನೆಯ ಪೆಟ್ಟಿಗೆ ಕೈ ಎತ್ತಿದಾಗ ಹೊಂಡದ ಮೆಟ್ಟಿಲುಗಳಿಂದ ಮಠದ ಮಕ್ಕಳೆಲ್ಲ ಒಟ್ಟಿಗೆ ಕೂಗಿದರು: "ಬಂತು! ಬಂತು! ಐಗಳ, ಕೆಂಪು ಬಂತು!"

ಎಲ್ಲರಿಗಿಂತ ಮೊದಲು ಓಡಿದವರು ಐಗಳು. ಒರತೆಯ ಸೀಳಿನಿಂದ ನೀರಿನ ಜೊತೆ ಕೆಂಪು ಹೊಟ್ಟು ಒಂದೇ ಸಮನೆ ಉಕ್ಕಿ ಬರುತ್ತಿತ್ತು, ನೋಡನೋಡುತ್ತ ಪಡುವಣ ಗೋಡೆಯ ಬುಡವೆಲ್ಲ ಕುಂಕುಮ ಚೆಲ್ಲಿದಂತಾಯಿತು. ಅವರು ನೀರಿಗಿಳಿದು ಬೊಗಸೆಯಲ್ಲಿ ಹೊಟ್ಟು ಹಿಡಿದು ನೋಡಿದರು. ಬಳಿಕ ಮಕ್ಕಳ ಕಡೆ ತಿರುಗಿ, "ನಾ ಹೇಳಿದ್ದು ತಪ್ಪಾತು, ಮಕ್ಕಳ. ನೀರು ನಮ್ಮ ಗಡಿ ಕೇಳೂದಿಲ್ಲ" ಎಂದು ಜೋರಾಗಿ ನಕ್ಕರಂತೆ. ಶಿಷ್ಯರ ಮುಂದೆ ತಪ್ಪೊಪ್ಪಿಕೊಂಡು ಅಷ್ಟು ಸಂತೋಷಪಟ್ಟ ಗುರುವಿನ ಕಥೆಯನ್ನು ನಾನು ಇನ್ನೆಲ್ಲೂ ಕೇಳಿಲ್ಲ.

ಊರಿಗೆ ಊರೇ ಗುಡ್ಡ ಹತ್ತಿ ಆಚೆ ಇಳಿಯಿತು. ಕೆಂಪು ಸುರಿದ ಜಾಗದಿಂದ ಹಳ್ಳದ ಗುಂಟ ತಿರುವು ದಾಟಿ ಸಾಕಷ್ಟು ಕೆಳಗೆ ಬಂದರೆ ಒಂದು ಮಡು. ಮಡುವಿನ ತಳದ ಬಂಡೆಯಲ್ಲಿ ಸೀಳಿತ್ತು, ಅದರ ಬಾಯಿಯಲ್ಲಿ ನೀರು ಸುಳಿ ತಿರುಗಿ ಒಳಗೆ ಇಳಿಯುತ್ತಿತ್ತು. ಸುಳಿಯ ಸುತ್ತ ಕೆಂಪು ಹೊಟ್ಟು ಇನ್ನೂ ಅಂಟಿತ್ತು. ಮಡುವಿನ ತುಂಬ ಕಲ್ಲು ಹೇರಿ ಮುಳುಗಿಸಿದ ಪುಂಡಿ ಗಿಡದ ಹೊರೆಗಳು ನಾರು ಬಿಡಲೆಂದು ಕೊಳೆಯುತ್ತ ಬಿದ್ದಿದ್ದವು. ಮೂಗು ಮುಚ್ಚದೆ ನಿಲ್ಲುವಂತಿರಲಿಲ್ಲ. ಪುಂಡಿ ಯಾರದೆಂದು ಯಾರೂ ಕೇಳಲಿಲ್ಲ. ಆಚೆಯ ಹೊಲ ಭರಮಗೌಡನದು. ಆ ವರ್ಷ ಪುಂಡಿ ಹುಲುಸಾಗಿ ಬೆಳೆದು ಹೊಲದ ಗುಂಡಿ ಸಾಲದೆ ಹೋದಾಗ ಹೊರೆಗಳನ್ನು ಈ ಮಡುವಿಗೆ ಹಾಕಿಸಿದವನೂ ಅವನೇ. ಆಚೆಯ ನೀರು ಆಚೆಯವರದು ಎಂದು ಐಗಳ ಮಠದಲ್ಲಿ ಅವನೂ ಮರಳ ಮೇಲೆ ಕಲಿತಿದ್ದ.

ಗೌಡ ರುಮಾಲು ತೆಗೆದು ದಡದ ಮೇಲಿಟ್ಟ. ಎದೆಮಟ್ಟದ ನೀರಿಗೆ ಇಳಿದು ಮೊದಲ ಹೊರೆಯನ್ನು ತಾನೇ ಎಳೆದು ಹೊರಗೆಸೆದ. ಆಮೇಲೆ ಉಳಿದವರೂ ಇಳಿದರು. ಆಚೆಯ ಊರುಗಳಲ್ಲೂ ಇದೇ ಮಡುವಿನ ನೀರು ಕುಡಿದು ಮಕ್ಕಳು ಹಾಸಿಗೆ ಹಿಡಿದಿದ್ದಾರೆಂದು ಅಲ್ಲಿಗೆ ಬಂದ ಆಚೆಯವರಿಂದ ಆಗಲೇ ಇವರಿಗೆ ತಿಳಿದದ್ದು. ಹೊರೆಗಳೆಲ್ಲ ಹೊರಬಿದ್ದ ಮೇಲೆ ಗೌಡ ಒದ್ದೆ ಮೈಯಲ್ಲೇ ಏಣು ದಾಟಿ ತಿಪ್ಪವ್ವನ ಅಂಗಳಕ್ಕೆ ಬಂದ. ಗಂಟುಮೂಟೆ ಇನ್ನೂ ಬಿಚ್ಚದೆ ಅಲ್ಲೇ ಇತ್ತು. "ತಂಗೀ, ನನ್ನ ಕೂಸಿಗೆ ನಾನ ವಿಷ ಹಾಕಿದ್ನಿ, ಬಾನಿ ನಿಂದು ಒಡದ್ನಿ. ಹೊಸ ಬಾನಿ ಕಡಿಸಿ ಕೊಡತೇನಿ" ಎಂದ. ತಿಪ್ಪವ್ವ ಚಕ್ಕೆ ಹಾರಿದ ಅಂಚಿನ ಮೇಲೆ ಕೈಯಾಡಿಸಿ ನೋಡಿದಳು. "ಬ್ಯಾಡ್ರಿ ಅಣ್ಣಾ, ಇರ್ಲಿ. ಬಣ್ಣೇನು ಸೋರಂಗಿಲ್ಲ. ಮದಲ ಕೂಸಿನ ಕಡೆ ನಡೀರಿ" ಎಂದು ಗಂಟು ಬಿಚ್ಚತೊಡಗಿದಳು.

ಆ ವರ್ಷ ಎಳ್ಳ ಅಮಾವಾಸ್ಯೆಯ ಚರಗಕ್ಕೆ ಎರಡು ಹರದಾರಿ ದೂರದ ಹೊಳೆಯಿಂದ ಗಾಡಿಯಲ್ಲಿ ನೀರು ತಂದರು. ಹೊಂಡವನ್ನು ಬರಿದು ಮಾಡಿ, ಗೋಡೆ ಉಜ್ಜಿ, ಒರತೆ ತಾನಾಗಿ ತಿಳಿಯಾಗುವವರೆಗೆ ಕಾದರು. ಹಾಸಿಗೆ ಹಿಡಿದಿದ್ದ ಮಕ್ಕಳು ಒಬ್ಬೊಬ್ಬರಾಗಿ ಗಂಜಿ ಕೇಳತೊಡಗಿದರು. ಚೆನ್ನವ್ವ ಎಲ್ಲರಿಗಿಂತ ಕಡೆಗೆ ಎದ್ದರೂ ಎದ್ದಳು. ಒಂದು ಮಗುವೂ ಕೈ ಬಿಟ್ಟುಹೋಗಲಿಲ್ಲ ಎನ್ನುತ್ತಾರೆ. ಕಥೆಯ ಈ ಭಾಗಕ್ಕೆ ಬಂದಾಗ ನಮ್ಮ ಅಜ್ಜಿ ಕೂಡ ಉಸ್ಸೆಂದು ಉಸಿರು ಬಿಡುತ್ತಿದ್ದಳು, ನೂರು ಸಲ ಹೇಳಿದವಳಾದರೂ. ಅಂದಿನಿಂದ ಹೊಂಡಕ್ಕೆ ಇದ್ದ ಹಳೆಯ ಹೆಸರು ಜನರ ಬಾಯಿಂದ ಬಿದ್ದುಹೋಗಿ ಕೆಂಪುಹೊಟ್ಟಿನ ಹೊಂಡ ಎಂಬುದೇ ನಿಂತಿತು. ಹಳೆಯ ಹೆಸರೇನೆಂದು ನಾನು ಬಹಳ ಹುಡುಕಿದೆ, ಸಿಗಲಿಲ್ಲ.

ಈಗ ಬರುವವರು ಕೋಡಿಯ ಕೆಳಗೆ ಇಳಿದರೆ ಮೂರು ಬಾನಿಗಳನ್ನೂ, ನಡುವಿನದರ ಅಂಚಿನಲ್ಲಿ ಅಂಗೈ ಅಗಲದ ಮುಕ್ಕನ್ನೂ ನೋಡಬಹುದು. ಎಳ್ಳ ಅಮಾವಾಸ್ಯೆಯ ಬೆಳಿಗ್ಗೆ ಬಂದರೆ ಇನ್ನೂ ಒಂದನ್ನು ನೋಡಬಹುದು. ಅಂದು ಊರ ಹೆಂಗಸರು, ಶಾಲೆಯ ಮಕ್ಕಳು ಕೊಡ ಹಿಡಿದು ಮೆಟ್ಟಿಲ ಮೇಲೆ ಕಾಯುತ್ತಾರೆ. ಯಾರೂ ನೀರು ಮುಟ್ಟುವುದಿಲ್ಲ. ಗೌಡರ ಮನೆಯ ಹಿರಿಯರು ಏಣು ದಾಟಿ ಆಚೆಯ ಮಡುವಿಗೆ ಹೋಗಿರುತ್ತಾರೆ. ಆಚೆಯ ನೀರನ್ನು ತನ್ನ ಮನೆಯವರು ಮೊದಲು ಕುಡಿದು ತೋರಿಸಬೇಕು, ಆಮೇಲೆ ಈಚೆಯ ಊರು ಕುಡಿಯಬೇಕು ಎಂದು ಭರಮಗೌಡ ಮಾಡಿದ ಕಟ್ಟಳೆಯಂತೆ ಅದು. ಹೋದ ವರ್ಷ ನಾನೂ ಜೊತೆಗೆ ಹೋಗಿದ್ದೆ. ಎಂಬತ್ತು ದಾಟಿದ ಈಗಿನ ಗೌಡರು ಮೊಮ್ಮಗಳ ಭುಜ ಹಿಡಿದು ಬಂಡೆಯ ಮೇಲೆ ಕುಳಿತರು, ಮೂರು ಬೊಗಸೆ ಕುಡಿದರು, ಮೀಸೆ ಒರೆಸಿಕೊಂಡು ಮೊಮ್ಮಗಳಿಗೆ ತಲೆಯಾಡಿಸಿದರು. ಆಮೇಲೆ ಮೊಮ್ಮಗಳು ಏಣಿನ ತನಕ ಓಡಿ, ಕೆಳಗೆ ಕಾಯುತ್ತಿದ್ದ ಊರಿಗೆ ಕೇಳುವಂತೆ ಕೂಗಿದಳು: "ಅಜ್ಜ ಕುಡದಾನ! ತುಂಬಿಕೋರ್ರಿ!"