ಬೀದಿಗೊಂದು ದಾರಿ

"ಗುರುಗಳೇ, ಹತ್ತು ಜನರನ್ನು ಕೇಳಿ ಮಾಡಿದ ಕೆಲಸ ಕೆಡುವುದೇ ಹೆಚ್ಚು. ತಮಗೇನು ಬೇಕೆಂಬುದೇ ಜನರಿಗೆ ತಿಳಿದಿರುವುದಿಲ್ಲ, ಅಲ್ಲವೇ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಹೇಳತೊಡಗಿದರು.

ಒಂದು ಪಟ್ಟಣದಲ್ಲಿ ಒಬ್ಬ ಅಧಿಕಾರಿಯಿದ್ದ. ನಡೆದು ಹೋಗುವವರಿಗೂ ಸೈಕಲ್ಲಿನವರಿಗೂ ಲಾರಿಗಳ ಭಯವಿಲ್ಲದ ದಾರಿ ಮಾಡಿಸಬೇಕೆಂಬುದು ಅವನ ಆಸೆ. ತಾನೊಬ್ಬನೇ ತೀರ್ಮಾನಿಸುವುದು ಬೇಡವೆಂದು ಊರವರನ್ನೆಲ್ಲ ಸೇರಿಸಿ, "ದಾರಿ ಎಲ್ಲಿ ಬೇಕು?" ಎಂದು ಕೇಳಿದ. "ನಮ್ಮ ಬೀದಿಯಲ್ಲಿ" ಎಂದರು ಎಲ್ಲರೂ. ಯಾರಿಗೂ ಇಲ್ಲವೆನ್ನಲು ಅವನಿಗೆ ಮನಸ್ಸಾಗಲಿಲ್ಲ. ಬೀದಿಗೊಂದು ದಾರಿ ಮಾಡಿಸಿದ. ಜನ ಅವನಿಗೆ ಹಾರ ಹಾಕಿದರು.

ಮರುದಿನ ಅವನು ಹಿಗ್ಗಿನಿಂದ ಸೈಕಲ್ ಏರಿ ಹೊರಟ. ಬೀದಿ ಮುಗಿದಲ್ಲಿ ದಾರಿಯೂ ಮುಗಿಯಿತು. ಮುಂದೆ ದೊಡ್ಡ ರಸ್ತೆ, ಲಾರಿಗಳ ಸಾಲು. ಅಲ್ಲೊಬ್ಬ ಮುದುಕಿ ರೊಟ್ಟಿಯ ಗಂಟು ಹಿಡಿದು ನಿಂತಿದ್ದಳು.

"ಏನಜ್ಜಿ, ದಾರಿ ಚೆನ್ನಾಗಿದೆಯೇ?"

"ಚೆನ್ನಾಗಿದೆಯಪ್ಪ, ನಾನೇ ಕೇಳಿ ಮಾಡಿಸಿಕೊಂಡದ್ದು. ಆದರೆ ನಮ್ಮ ಬೀದಿಯಲ್ಲಿ ನನಗೇನು ಕೆಲಸ? ನನ್ನ ತಂಗಿ ಇರುವುದು ಆಚೆ ಬೀದಿಯಲ್ಲಿ. ಅವಳಿಗೆ ಕಾಲಲ್ಲಿ ಶಕ್ತಿ ಸಾಲದು, ನನಗೆ ಧೈರ್ಯ ಸಾಲದು. ಯುಗಾದಿಯಿಂದ ಮುಖ ನೋಡಿಲ್ಲ."

ಅವನಿಗೆ ನಾಚಿಕೆಯೂ ಆಯಿತು, ನಗುವೂ ಬಂತು. ಸೈಕಲ್ ನಿಲ್ಲಿಸಿ, ಒಂದು ಕೈಯಲ್ಲಿ ಅಜ್ಜಿಯನ್ನು ಹಿಡಿದು, ಇನ್ನೊಂದು ಕೈಯೆತ್ತಿ ಲಾರಿಗಳನ್ನು ತಡೆದು ದಾಟಿಸಿದ. ತಂಗಿ ಮಂಚದ ಮೇಲಿಂದಲೇ "ಇನ್ನೂ ಬದುಕಿದ್ದೀಯಾ?" ಎಂದು ಬೈದಳು. ಆಮೇಲೆ ಅಕ್ಕತಂಗಿಯರು ಅತ್ತರು. ಆಮೇಲೆ ರೊಟ್ಟಿ ಬಿಚ್ಚಿದರು. ಅವನಿಗೂ ಒಂದು ಸಿಕ್ಕಿತು.

ಅವನು ಊರವರನ್ನು ಮತ್ತೆ ಕರೆದ. ಈ ಸಲ "ನೀವು ಹೋಗುವುದು ಎಲ್ಲಿಗೆ?" ಎಂದು ಕೇಳಿದ. ಒಬ್ಬ ಸಂತೆಗೆಂದ, ಒಬ್ಬಳು ತವರಿಗೆಂದಳು, ಒಬ್ಬರು ಮಕ್ಕಳ ಶಾಲೆಗೆಂದರು. ಯಾರು ಎಲ್ಲಿಗೆ ಹೋಗಬೇಕಾದರೂ ಇನ್ನೊಬ್ಬರ ಬೀದಿ ದಾಟಲೇಬೇಕಿತ್ತು. ಜಗಳವೂ ಆಯಿತು. ಬಟ್ಟೆ ವ್ಯಾಪಾರಿಯೊಬ್ಬ ಅಂಗಡಿಯ ಮುಂದೆ ಬೀದಿಗೆ ಚಾಚಿ ಕಟ್ಟಿಸಿಕೊಂಡಿದ್ದ ಜಗಲಿಯನ್ನು ದಾರಿಗೆ ಬಿಡೆನೆಂದು ಹಟ ಹಿಡಿದ.

"ನಿನ್ನಲ್ಲಿಗೆ ಗಿರಾಕಿಗಳು ಹಾರಿಕೊಂಡು ಬರುತ್ತಾರೇನೋ?" ಎಂದಳು ಅಜ್ಜಿ.

ಸಭೆ ಗೊಳ್ಳೆಂದಿತು. ವ್ಯಾಪಾರಿಯೂ ನಕ್ಕ. ಜಗಲಿ ಹೋಯಿತು, ತುಂಡು ದಾರಿಗಳು ಕೂಡಿಕೊಂಡವು. ದೊಡ್ಡ ರಸ್ತೆಗೆ ಕೆಂಪು ದೀಪ ಬಂತು, ಲಾರಿಗಳು ನಿಲ್ಲುವುದನ್ನು ಕಲಿತವು. ಅಜ್ಜಿ ಈಗ ದಿನವೂ ಹೋಗಿ ತಂಗಿಯೊಡನೆ ಜಗಳವಾಡಿ ಬರುತ್ತಾಳೆ.

ಗುರುಗಳು ಕತೆ ನಿಲ್ಲಿಸಿದರು.

"ಅಂದರೆ ಮೊದಲ ಸಲ ಜನ ಹೇಳಿದ್ದು ತಪ್ಪೇ ಆಯಿತಲ್ಲ, ಗುರುಗಳೇ?" ಎಂದ ಶಿಷ್ಯ.

"ಕೇಳಿದ ಪ್ರಶ್ನೆಗೆ ಅವರು ಸರಿಯಾಗಿಯೇ ಉತ್ತರ ಕೊಟ್ಟಿದ್ದರಪ್ಪ."