ಹೊನ್ನಜ್ಜಿಯ ಐದನೇ ಬೊಗಸೆ

ಬೆಳಗಲ್ಲು ಅಂತ ಒಂದು ರಾಜ್ಯ. ಅಲ್ಲಿ ಕೆಂಚಯ್ಯ ಅಂತ ಒಬ್ಬ ಇದ್ದ. ಅವನ ಕೆಲಸ ಏನು ಗೊತ್ತೇ ಮಕ್ಕಳೇ? ಬಟ್ಟಲು ಮುಳುಗುವುದನ್ನು ನೋಡುವುದು. ನಗಬೇಡಿ, ಆಗ ಗಡಿಯಾರ ಎಲ್ಲಿತ್ತು? ಅರಮನೆ ಬಾಗಿಲಲ್ಲಿ ಒಂದು ಕೊಪ್ಪರಿಗೆ ತುಂಬ ನೀರು. ನೀರಿನ ಮೇಲೆ ತಾಮ್ರದ ಬಟ್ಟಲು. ಬಟ್ಟಲ ತಳದಲ್ಲಿ ಸೂಜಿಮೊನೆಯಷ್ಟು ತೂತು. ನೀರು ಜಿನುಗಿ ಜಿನುಗಿ ಬಟ್ಟಲು ಮುಳುಗಿದರೆ ಒಂದು ಗಳಿಗೆ ಆಯಿತು ಅಂತ ಲೆಕ್ಕ. ಕೂಡಲೇ ಕೆಂಚಯ್ಯ ಜಾಗಟೆ ಬಾರಿಸಬೇಕು. ದಿನಕ್ಕೆ ಇಪ್ಪತ್ತೈದು ಜಾಗಟೆ. ಇಪ್ಪತ್ತೆಂಟು ವರ್ಷ ಅವನು ಆ ಬಟ್ಟಲ ಮುಂದೆ ಕೂತಿದ್ದ, ಒಂದು ದಿನವೂ ತೂಕಡಿಸಿದವನಲ್ಲ.

ಆ ವರ್ಷ ರಾಜ ಕೆರೆ ಕಟ್ಟಿಸುತ್ತಿದ್ದ. ಮನೆಗೊಬ್ಬರು ಮಣ್ಣು ಹೊರಬೇಕು, ಬೆಳಗಿನಿಂದ ಇಪ್ಪತ್ತೈದನೇ ಜಾಗಟೆಯ ತನಕ. ಅದು ಊರಿನ ಕಟ್ಟಳೆ. ಕೆಂಚಯ್ಯನ ಮನೆಯಿಂದ ಹೆಂಡತಿ ಚೆನ್ನಾಜಿ ಹೋಗುತ್ತಿದ್ದಳು. ಕೆಲಸ ಮಾಡಿಸುವುದಕ್ಕೆ ಒಬ್ಬ ಪಾರುಪತ್ಯಗಾರ. ದೀಪಾವಳಿಯೊಳಗೆ ಕೆರೆ ಮುಗಿಸಿ ರಾಜನ ಕೈಯಿಂದ ಶಾಲು ಹೊದಿಸಿಕೊಳ್ಳಬೇಕು ಅಂತ ಅವನಿಗೆ ಆಸೆ. ಒಂದು ದಿನ ಬಂದವನೇ ಬಟ್ಟಲ ತೂತಿಗೆ ಚೂರು ಜೇನುಮೇಣ ಮೆತ್ತಿದ. ತೂತು ಕಿರಿದಾಯಿತು, ಗಳಿಗೆ ಹಿಗ್ಗಿತು, ಮಣ್ಣು ಹೊರುವವರು ಮನೆ ಸೇರುವಾಗ ಕತ್ತಲಾಗತೊಡಗಿತು. ಬಾಯಿ ಬಿಟ್ಟರೆ ಮೇಣ ಮೆತ್ತಿದವನು ನೀನೇ ಅನ್ನುತ್ತೇನೆ ಅಂತ ಕೆಂಚಯ್ಯನನ್ನು ಹೆದರಿಸಿದ. ಗಳಿಗೆಯನ್ನು ಬಟ್ಟಲು ಅಳೆಯುತ್ತದೆ, ಬಟ್ಟಲನ್ನು ಅಳೆಯುವವರು ಯಾರಿದ್ದಾರೆ ಅಂತ ನಕ್ಕ.

ಕೆಂಚಯ್ಯ ಸುಮ್ಮನಾದ. ಅದು ತಪ್ಪು, ನಾನೇನೂ ಅವನ ಪರ ವಹಿಸುವುದಿಲ್ಲ. ಆದರೆ ಅವತ್ತಿನಿಂದ ಅವನಿಗೆ ಕೂಳು ಸೇರಲಿಲ್ಲ. ಹದಿನೈದು ದಿನ ಒದ್ದಾಡಿದ. ಕೊನೆಗೆ ಈ ಕೆಲಸವೇ ಬೇಡ, ಬಿಟ್ಟುಬಿಡುತ್ತೇನೆ ಅಂತ ಮನಸ್ಸು ಗಟ್ಟಿ ಮಾಡಿಕೊಂಡ. ಮನಸ್ಸು ಗಟ್ಟಿ ಮಾಡಿಕೊಂಡರೆ ಸಾಕೇ? ಮನೆಯಲ್ಲಿ ಹೇಳಬೇಕಲ್ಲ.

ಮೊದಲನೇ ದಿನ ತಾಯಿ ಹೊನ್ನಜ್ಜಿಯ ಹತ್ತಿರ ಕೂತ. ಅಜ್ಜಿ ರಾಗಿಹಿಟ್ಟು ಜರಡಿ ಹಿಡಿಯುತ್ತಿದ್ದಳು. ಒಂದು ಜಾಗಟೆಗೆ ಬೀಸಲು ಶುರುಮಾಡಿ ಮುಂದಿನ ಜಾಗಟೆಗೆ ನಿಲ್ಲಿಸುವುದು ಅವಳ ಪದ್ಧತಿ. ನಲವತ್ತು ವರ್ಷದಿಂದ ಅಷ್ಟರಲ್ಲಿ ನಾಲ್ಕೇ ಬೊಗಸೆ ರಾಗಿ, ಹೆಚ್ಚಿಲ್ಲ, ಕಮ್ಮಿಯಿಲ್ಲ. ಮಗ ಬಾಯಿ ತೆರೆಯುವ ಮೊದಲೇ ಅವಳು ಹಿಗ್ಗಿನಿಂದ ಹೇಳಿದಳು, "ಮಗಾ, ಈಗ ಐದು ಬೊಗಸೆ ಬೀಸ್ತೀನಿ ಕಣಪ್ಪ. ಈ ವಯಸ್ಸಲ್ಲಿ ದೇವರು ರಟ್ಟೆಗೆ ಬಲ ಕೊಟ್ಟವ್ನೆ." ಆ ಮುಖ ನೋಡಿ ಕೆಂಚಯ್ಯನಿಗೆ ಹೇಳಲಾಗಲಿಲ್ಲ. ಹೌದವ್ವ ಅಂದು ಎದ್ದುಹೋದ.

ಎರಡನೇ ದಿನ ಹೆಂಡತಿಯ ಹತ್ತಿರ ಕೂತ. ಅವಳ ಹಿಮ್ಮಡಿ ಬಿರಿದಿತ್ತು. ಹರಳೆಣ್ಣೆ ಕಾಯಿಸಿ ತಂದು ತಾನೇ ಸವರಿದ. ಜಾಗಟೆ ತಡವಾಗುತ್ತಿದೆ ಅಂತ ಕೆರೆಯ ಹತ್ತಿರ ಜನ ಗೊಣಗಿದರಂತೆ, ಇವಳು ಅವರೊಡನೆ ಜಗಳ ಆಡಿಕೊಂಡು ಬಂದಿದ್ದಳು. "ದೀಪಾವಳಿ ಹತ್ರ ಬಂತು, ಹೊತ್ತೇ ಗಿಡ್ಡ ಆಗೈತೆ ಅಂದೆ. ನನ್ ಗಂಡ ಕೂತಿರೋ ತಂಕ ಜಾಗಟೆ ತಪ್ಪಾಕಿಲ್ಲ ಅಂದೆ." ಕೆಂಚಯ್ಯ ಕಣ್ಣೀರು ಅವಳಿಗೆ ಕಾಣದಿರಲಿ ಅಂತ ತಲೆ ಬಗ್ಗಿಸಿ ಎಣ್ಣೆ ಸವರುತ್ತಲೇ ಇದ್ದ.

ಮೂರನೇ ದಿನ ಇಬ್ಬರೂ ಎದುರಿಗೇ ಇದ್ದರು. ಮುದ್ದೆ ಮುರಿದವನು ಬಾಯಿಗಿಡಲಿಲ್ಲ. "ನಾನು ಕೆಲಸ ಬಿಡ್ತೀನಿ" ಅಂದ. ಮೇಣದ ವಿಷಯ, ಹೆದರಿಸಿದ ವಿಷಯ, ಎಲ್ಲ ಹೇಳಿದ.

ಚೆನ್ನಾಜಿ, "ಹದಿನೈದು ದಿನ ನನ್ ಕಾಲು ನೋಡ್ಕೊಂಡು ಹೆಂಗ್ ಸುಮ್ನಿದ್ರಿ?" ಅಂದಳು. ಅವಳಿಗೆ ಸಿಟ್ಟೂ ಬಂತು, ಅವನ ಮುಖ ನೋಡಿ ಮರುಕವೂ ಬಂತು. ಕೊನೆಗೆ ಸಾರಿನ ಬಟ್ಟಲನ್ನು ಅವನ ಕಡೆ ಸರಿಸಿದಳು. "ಮೊದ್ಲು ಉಣ್ಣಿ. ನಾಳೆ ಬಿಡೀರಂತೆ."

ಹೊನ್ನಜ್ಜಿ ತನ್ನ ರಟ್ಟೆಯನ್ನೇ ಮುಟ್ಟಿ ನೋಡಿಕೊಂಡಳು. ಬಲ ಬಂದಿರಲಿಲ್ಲ ಅಂತ ತಿಳಿದು ಅವಳಿಗೆ ಒಂದಿಷ್ಟು ದುಃಖವೇ ಆಯಿತು, ಪಾಪ. ಆದರೆ ಬಟ್ಟಲನ್ನು ಅಳೆಯುವ ಕಲ್ಲು ನಮ್ಮನೆಯಲ್ಲೇ ಇದೆ ಅಂತ ಆಗಲೇ ಅವಳಿಗೆ ಹೊಳೆದಿತ್ತು.

ಕೆಲಸ ಬಿಡುವವನು ರಾಜನ ಎದುರಿಗೆ ಕೊನೆಯ ಸಲ ಆ ಕೆಲಸ ಮಾಡಿ ತೋರಿಸಿ ಹೋಗಬೇಕು ಅನ್ನುವುದು ಅಲ್ಲಿನ ವಾಡಿಕೆ. ಮರುದಿನ ಕೆಂಚಯ್ಯ ರಾಜನ ಎದುರಿಗೆ ಬಟ್ಟಲು ಹಿಡಿದು ನಿಂತ. ಪಾರುಪತ್ಯಗಾರ ಮೀಸೆ ತಿರುವುತ್ತಾ ನಿಂತಿದ್ದ. ಅಷ್ಟರಲ್ಲಿ ಹೊನ್ನಜ್ಜಿ ಬೀಸುವ ಕಲ್ಲು ಹೊರಿಸಿಕೊಂಡು ಬಂದು, ತನ್ನ ಪದ್ಧತಿಯನ್ನು ರಾಜನಿಗೆ ಅರಿಕೆ ಮಾಡಿ, ಅಲ್ಲೇ ಕೂತಳು. ಕೆಂಚಯ್ಯ ಬಟ್ಟಲು ತೇಲಿಬಿಟ್ಟು ಜಾಗಟೆ ಬಾರಿಸಿದ ಕೂಡಲೇ ಬೀಸತೊಡಗಿದಳು. ಒಂದು ಬೊಗಸೆ ಆಯಿತು, ಎರಡಾಯಿತು, ಮೂರಾಯಿತು, ನಾಲ್ಕೂ ಆಯಿತು. ಬಟ್ಟಲು ತೇಲುತ್ತಲೇ ಇತ್ತು. ಐದನೆಯದು ಮುಗಿದಾಗ ಮುಳುಗಿತು.

"ಬುದ್ಧೀ, ಎಪ್ಪತ್ತರ ಮುದುಕಿಗೆ ಹರೆಯ ಬಂತೋ, ಬಟ್ಟಲಿಗೇ ಮುಪ್ಪು ಬಂತೋ, ಒಸಿ ನೋಡಿಸಿ" ಅಂದಳು ಅಜ್ಜಿ.

ಬಟ್ಟಲೆತ್ತಿ ನೋಡಿದರೆ ಮೇಣ. ಪಾರುಪತ್ಯಗಾರ ತಡಮಾಡದೆ ಕೆಂಚಯ್ಯನ ಕಡೆ ಬೆರಳು ತೋರಿಸಿದ. ಆಗ ಚೆನ್ನಾಜಿ ಮುಂದೆ ಬಂದಳು.

"ದಿನಾ ಮಣ್ಣು ಹೊರೋಳು ನಾನು ಬುದ್ಧೀ. ಹೆಂಡ್ತಿ ಕಾಲು ಸವೆಸೋಕೆ ಯಾವ ಗಂಡ ಮೇಣ ಮೆತ್ತಾನು? ಕೆರೆ ಬೇಗ ಮುಗಿದ್ರೆ ಶಾಲು ಯಾರಿಗೆ?"

ಪಾರುಪತ್ಯಗಾರನ ಪೇಟ ಇಳಿಸಿ ತಲೆಯ ಮೇಲೆ ಮಣ್ಣಿನ ಮಕ್ಕರಿ ಇಡಿಸಿದ ರಾಜ. ಕೆರೆ ಮುಗಿಯುವ ತನಕ ಅದೇ ಶಿಕ್ಷೆ. ಕೆಂಚಯ್ಯನಿಗೆ ಮಾತ್ರ ಕೆಲಸ ಬಿಡಬೇಡ ಅಂದ. ಕೆಂಚಯ್ಯ ಕೈಮುಗಿದ. "ತಪ್ಪು ಅಂತ ಗೊತ್ತಿದ್ದೂ ಬಾರಿಸಿದ ಕೈ ಇದು ಬುದ್ಧೀ. ಇನ್ನೊಬ್ಬರು ಬಾರಿಸಲಿ."

ಮಾರನೆಯ ದಿನ ಆ ಮನೆಯಿಂದ ಮಣ್ಣು ಹೊರಲು ಹೋದವನು ಕೆಂಚಯ್ಯ. ಮಧ್ಯಾಹ್ನ ಚೆನ್ನಾಜಿ ಅಂಬಲಿ ತಂದಳು. ಏರಿಯ ಮೇಲೆ ಕೂತು ಕುಡಿಯುತ್ತಿದ್ದವನನ್ನು, ಭಾರವೇ ಅಂತ ಕೇಳಿದಳು.

"ಭಾರವೇ. ಆದ್ರೆ ನಿಂಗೆ ಹೇಳದೆ ಹೊತ್ತಿದ್ದೆನಲ್ಲ, ಅಷ್ಟಿಲ್ಲ."

ಕೆಲಸ ಹೋದರೆ ಇನ್ನೊಂದು ಸಿಕ್ಕೀತು ಮಕ್ಕಳೇ, ನಂಬಿದವರಿಗೆ ಸತ್ಯ ಹೇಳುವುದನ್ನು ಮುಂದೆ ಹಾಕಬೇಡಿ. ಬೆಳಗಲ್ಲಿನ ಕೆರೆ ಅವರಿಗಿರಲಿ, ಈ ಮಾತು ನಿಮಗಿರಲಿ.